ಶಹಾಬಾದ ಕಲ್ಲಿನ ನಾಡಿನಿಂದ ಕೋಪನ್‌ಹೇಗನ್‌ಗೆ

ಮೇ ತಿಂಗಳ ರಾತ್ರಿ ಹತ್ತು ಗಂಟೆ. ಸೇಡಂನ ಮನೆಯೊಂದರಲ್ಲಿ ಊಟ ಮುಗಿದಿದೆ. ಹಗಲೆಲ್ಲ ಕಾದ ಶಹಾಬಾದ ಕಲ್ಲಿನ ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದ್ದಾರೆ. ಮೊಬೈಲ್ ಗುಣುಗುಟ್ಟುತ್ತದೆ. ವಿಡಿಯೊ ಕರೆಯಲ್ಲಿ ಮಗಳು. ಅವಳ ಹಿಂದಿನ ಕಿಟಕಿಯಲ್ಲಿ ಬಿಸಿಲು ಇನ್ನೂ ಬೆಳ್ಳಗಿದೆ. "ಅವ್ವಾ, ಇಲ್ಲಿ ಈಗ ಸಂಜಿ ಆರೂವರಿ. ಹೊತ್ತು ಮುಳುಗಲಿಕ್ಕೆ ಇನ್ನಾ ಎರಡೂವರಿ ತಾಸು ಅದ. ಬರೋ ಸೂಟಿಗಿ ನೀವಿಬ್ಬರೂ ಬಂದೇಬಿಡ್ರಿ" ಎನ್ನುತ್ತಾಳೆ. "ನೋಡಮು ತೊಗೊ" ಎಂದು ಅಪ್ಪ ಮಾತು ತೇಲಿಸುತ್ತಾರೆ.

ಆ "ನೋಡಮು" ಹಿಂದೆ ಹತ್ತು ಪ್ರಶ್ನೆಗಳಿರುತ್ತವೆ. ಪಾಸ್‌ಪೋರ್ಟ್ ಎಲ್ಲಿ ಮಾಡಿಸಬೇಕು? ವೀಸಾ ಕೊಡುತ್ತಾರೋ ಇಲ್ಲವೋ? ಅಲ್ಲಿ ತಿನ್ನುವುದೇನು? ಎಷ್ಟು ಖರ್ಚು? ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲೂ ಮಕ್ಕಳು ಓದಿಗೋ ಕೆಲಸಕ್ಕೋ ಯುರೋಪಿಗೆ ಹೋದ ಮನೆಗಳಲ್ಲಿ ಏಳುವ ಪ್ರಶ್ನೆಗಳೇ ಇವು. ಅಲ್ಲಿ ತಮ್ಮವರು ಯಾರೂ ಇಲ್ಲದೆ, ಬರೀ ನೋಡುವ ಆಸೆಯಿಂದ ಹೊರಡುವವರಿಗೂ ಇವು ತಪ್ಪಿದ್ದಲ್ಲ.

ಉತ್ತರಗಳು ಕಷ್ಟದವಲ್ಲ. ಅವನ್ನು ಸರಿಯಾದ ಕ್ರಮದಲ್ಲಿ ಕಂಡುಕೊಳ್ಳಬೇಕು, ಅಷ್ಟೆ. ಮೊದಲ ಪ್ರವಾಸವನ್ನು ಒಂದೇ ನಗರಕ್ಕೆ, ಒಂದೇ ವಾರಕ್ಕೆ ಸೀಮಿತಗೊಳಿಸಿದರೆ ಕೆಲಸ ಇನ್ನೂ ಹಗುರಾಗುತ್ತದೆ.

ಐದರಲ್ಲಿ ಒಂದು

ಯುರೋಪಿನ ಉತ್ತರ ತುದಿಯ ಐದು ದೇಶಗಳನ್ನು ಒಟ್ಟಾಗಿ ನಾರ್ಡಿಕ್ ದೇಶಗಳೆನ್ನುತ್ತಾರೆ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್, ಸ್ವೀಡನ್ನಿನದು ಸ್ಟಾಕ್‌ಹೋಮ್, ನಾರ್ವೆಯದು ಓಸ್ಲೊ, ಫಿನ್‌ಲ್ಯಾಂಡಿನದು ಹೆಲ್ಸಿಂಕಿ, ಐಸ್‌ಲ್ಯಾಂಡಿನದು ರೇಕ್ಯಾವಿಕ್. ಐದೂ ದೇಶಗಳು 2001ರಿಂದ ಷೆಂಗೆನ್ ವ್ಯವಸ್ಥೆಯಲ್ಲಿವೆ. ಒಂದು ವೀಸಾ ಸಿಕ್ಕರೆ ಐದರಲ್ಲೂ ಓಡಾಡಬಹುದು.

ಟೂರ್ ಕಂಪನಿಗಳು ಎಂಟು ದಿನಕ್ಕೆ ನಾಲ್ಕು ರಾಜಧಾನಿ ತೋರಿಸುವುದಾಗಿ ಹೇಳುವುದು ಈ ಅನುಕೂಲವನ್ನು ನಂಬಿಕೊಂಡೇ. ಆದರೆ ಮೊದಲ ಸಲ ಹೋಗುವವರಿಗೆ, ಅದರಲ್ಲೂ ಅರವತ್ತು ದಾಟಿದ ತಂದೆತಾಯಿಗೆ, ದಿನಬಿಟ್ಟು ದಿನ ಚೀಲ ಕಟ್ಟುವುದರಲ್ಲೇ ಪ್ರವಾಸ ಕಳೆದುಹೋಗುತ್ತದೆ. ಒಂದು ನಗರ ಆರಿಸುವುದಾದರೆ ಕೋಪನ್‌ಹೇಗನ್ ಒಳ್ಳೆಯದು. ಊರು ಸಮತಟ್ಟು, ನೋಡುವ ಜಾಗಗಳು ಒಂದಕ್ಕೊಂದು ಹತ್ತಿರ, ವಿಮಾನ ನಿಲ್ದಾಣದಿಂದ ಊರ ನಡುವಿಗೆ ಮೆಟ್ರೊದಲ್ಲಿ ಕಾಲು ಗಂಟೆ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ನಮ್ಮ ಸಿಮೆಂಟ್ ಸೀಮೆಯವರಿಗಂತೂ ಆ ಊರಿನೊಂದಿಗೆ ಹಳೆಯ ನಂಟೇ ಇದೆ.

ಸಿಮೆಂಟಿನ ನಂಟು

ಫ್ರೆಡರಿಕ್ ಲೆಸ್ಸೊ ಸ್ಮಿತ್ ಎಂಬ ಎಂಜಿನಿಯರ್ 1882ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಎಫ್.ಎಲ್. ಸ್ಮಿತ್ ಕಂಪನಿಯಾಗಿ, ಸಿಮೆಂಟ್ ಯಂತ್ರಗಳಿಗೆ ಜಗತ್ತಿನಾದ್ಯಂತ ಹೆಸರಾಯಿತು. ಅದರ ಇಬ್ಬರು ಯುವ ಎಂಜಿನಿಯರುಗಳು 1930ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದರು. ಒಬ್ಬರು ಹೆನ್ನಿಂಗ್ ಹೋಲ್ಕ್-ಲಾರ್ಸನ್, ಇನ್ನೊಬ್ಬರು ಸೋರೆನ್ ಕ್ರಿಸ್ಟಿಯನ್ ಟೂಬ್ರೊ. ಇಬ್ಬರೂ ಸೇರಿ 1938ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ್ದೇ ಲಾರ್ಸನ್ ಅಂಡ್ ಟೂಬ್ರೊ, ನಮ್ಮ ಬಾಯಲ್ಲಿ ಎಲ್ ಅಂಡ್ ಟಿ.

ಆ ಹೊತ್ತಿಗೆ ಶಹಾಬಾದದಲ್ಲಿ ಸಿಮೆಂಟ್ ತಯಾರಾಗುತ್ತಿತ್ತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಹುಟ್ಟಿದಾಗ ಶಹಾಬಾದ ಸಿಮೆಂಟ್ ಅವುಗಳಲ್ಲಿ ಒಂದಾಗಿತ್ತು. ಆಮೇಲೆ ವಾಡಿಯಲ್ಲಿ ಎಸಿಸಿ, ಮಳಖೇಡದ ಬಳಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆಗಳು ಎದ್ದವು. ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಿಗೂ ಸಿಮೆಂಟ್ ಹಬ್ಬಿತು. ಎಲ್ ಅಂಡ್ ಟಿಯ ಸಿಮೆಂಟ್ ವ್ಯವಹಾರ 2004ರಲ್ಲಿ ಬೇರೆಯಾಗಿ ಅಲ್ಟ್ರಾಟೆಕ್ ಆಯಿತು. ಇಂದು ರಾಜಶ್ರೀ ಅದೇ ಅಲ್ಟ್ರಾಟೆಕ್‌ನ ಘಟಕ. ಕಿಲ್ನ್ ಮುಂದೆ ಮೂವತ್ತು ವರ್ಷ ದುಡಿದು ನಿವೃತ್ತರಾದವರಿಗೆ ಕೋಪನ್‌ಹೇಗನ್ ಪೂರ್ತಿ ಪರದೇಶವಲ್ಲ. ತಮ್ಮ ಕಸುಬಿನ ಕುಲುಮೆಯೊಂದು ಹುಟ್ಟಿದ ಊರನ್ನು ನೋಡಲು ಅವರು ಹೋಗುತ್ತಾರೆ.

ಯಾವ ತಿಂಗಳು?

ಟಿಕೆಟ್ಟಿಗಿಂತ ಮೊದಲು ತಿಂಗಳು ಗೊತ್ತಾಗಬೇಕು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಯ ನಂತರ, ಮುಳುಗುವುದು ಮೂರೂವರೆ ದಾಟುತ್ತಿದ್ದಂತೆ. ಹಗಲು ಏಳೇ ತಾಸು. ಚಳಿ ಸೊನ್ನೆಯ ಸುತ್ತ ಇರುತ್ತದೆ, ಸಮುದ್ರದ ಗಾಳಿ ಅದನ್ನು ಹೆಚ್ಚಿಸುತ್ತದೆ. ಜೂನ್ ನಡುವಿನಲ್ಲಿ ಹಗಲು ಹದಿನೇಳೂವರೆ ತಾಸು. ರಾತ್ರಿ ಹತ್ತರ ಹತ್ತಿರ ಸೂರ್ಯಾಸ್ತ.

ನಮ್ಮ ಕಡೆಯವರಿಗೆ ಮೇ ತಿಂಗಳು ಹೊಂದುತ್ತದೆ. ಶಾಲೆಗೆ ಸೂಟಿ, ಇಲ್ಲಿ ನಲವತ್ತು ಡಿಗ್ರಿ ಮೀರಿದ ಬಿಸಿಲು. ಅಲ್ಲಿ ಮಧ್ಯಾಹ್ನವೂ ಹದಿನಾರು ಡಿಗ್ರಿ ಆಸುಪಾಸು, ಹಗಲು ಸುಮಾರು ಹದಿನಾರು ತಾಸು. ಸ್ವೆಟರ್ ಸಾಲದು, ಗಾಳಿ ಮಳೆ ತಡೆಯುವ ಜಾಕೆಟ್ ಬೇಕು. ರಾತ್ರಿ ಬೆಳಕು ಬಿದ್ದರೆ ನಿದ್ದೆ ಬಾರದವರು ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಲಿ. ಜೂನ್ 5 ಅಲ್ಲಿನ ಸಂವಿಧಾನ ದಿನ. ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಕಾಗದಪತ್ರದ ಕ್ರಮ

ಮೇ ತಿಂಗಳಿಗೆ ಹೋಗುವುದಾದರೆ ದೀಪಾವಳಿಗೇ ಕೆಲಸ ಹಿಡಿಯಬೇಕು. ಮೊದಲು ಪಾಸ್‌ಪೋರ್ಟ್. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಸೇವಾ ಕೇಂದ್ರವಿದೆ. ಅರ್ಜಿ ಹಾಕುವ ಮುನ್ನ ಆಧಾರ್, ಪ್ಯಾನ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ನಮ್ಮ ಭಾಗದಲ್ಲಿ ಒಂದರಲ್ಲಿ ಮನೆತನದ ಹೆಸರು ಇರುತ್ತದೆ, ಇನ್ನೊಂದರಲ್ಲಿ ತಂದೆಯ ಹೆಸರಷ್ಟೇ ಇರುತ್ತದೆ. ಜಿಲ್ಲೆ ಒಂದರಲ್ಲಿ ಗುಲ್ಬರ್ಗ, ಇನ್ನೊಂದರಲ್ಲಿ ಕಲಬುರಗಿ. ಜಿಲ್ಲೆಯ ಹೆಸರು 2014ರಲ್ಲಿ ಬದಲಾದದ್ದರಿಂದ ಅದಕ್ಕೆ ಅಂಜಬೇಕಿಲ್ಲ. ವ್ಯಕ್ತಿಯ ಹೆಸರು ಮಾತ್ರ ಎಲ್ಲ ಕಡೆ ಒಂದೇ ಇರಬೇಕು. ತಿದ್ದುವುದಿದ್ದರೆ ಈಗಲೇ ತಿದ್ದಿಸಿ.

ಪಾಸ್‌ಪೋರ್ಟ್ ಇದ್ದವರು ಅದರ ಅವಧಿ ನೋಡಿಕೊಳ್ಳಬೇಕು. ಷೆಂಗೆನ್ ಪ್ರದೇಶದಿಂದ ಹೊರಬೀಳುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಅದು ಜೀವಂತವಿರಬೇಕು, ಎರಡು ಖಾಲಿ ಪುಟಗಳಿರಬೇಕು.

ಆಮೇಲೆ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಾಗ ಹಾಕುವಂತಿಲ್ಲ. ನಿರ್ಧಾರಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ ನಲವತ್ತೈದು ದಿನ. ಬೇಸಿಗೆ ಸಮೀಪಿಸಿದಂತೆ ಭೇಟಿಯ ದಿನಾಂಕ ಸಿಗುವುದೇ ಕಷ್ಟವಾಗುತ್ತದೆ. ಫೆಬ್ರವರಿಯೊಳಗೆ ಅರ್ಜಿ ಕೊಟ್ಟರೆ ನೆಮ್ಮದಿ. ಡೆನ್ಮಾರ್ಕ್‌ಗಾದರೆ ಮೊದಲು ಆನ್‌ಲೈನ್‌ನಲ್ಲಿ ಅರ್ಜಿ ತುಂಬಬೇಕು. ನಂತರ ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರಕ್ಕೆ ಹೋಗಿ ಕಾಗದ ಒಪ್ಪಿಸಿ ಬೆರಳಚ್ಚು ಕೊಡಬೇಕು. ಬೆಂಗಳೂರು, ಹೈದರಾಬಾದ್ ಎರಡೂ ಕಡೆ ಕೇಂದ್ರಗಳಿವೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ.

2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45, ಆರರೊಳಗಿನವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಸುಲಭ ಎಂದು ಯಾರೋ ಹೇಳಿದ ದೇಶದಲ್ಲಿ ಅರ್ಜಿ ಕೊಟ್ಟು ಮತ್ತೊಂದು ದೇಶದಲ್ಲಿ ಇರುವುದು ಮುಂದಿನ ವೀಸಾಗಳಿಗೆ ತೊಡಕು.

ಹೊಲದ ಹಣ, ಬ್ಯಾಂಕಿನ ಲೆಕ್ಕ

ನೌಕರರಿಗೆ ಸಂಬಳದ ಚೀಟಿ, ರಜೆಯ ಪತ್ರ, ಆದಾಯ ತೆರಿಗೆ ರಿಟರ್ನ್ಸ್ ಸಾಕು. ತೊಗರಿ ಬೆಳೆಯುವ ರೈತರ ಚಿಂತೆಯೇ ಬೇರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅನೇಕರ ಬಳಿ ರಿಟರ್ನ್ಸ್ ಇರುವುದಿಲ್ಲ. ಆದಾಯ ಇಲ್ಲವೆಂದು ಅದರ ಅರ್ಥವಲ್ಲ, ಆದರೆ ವೀಸಾ ಅಧಿಕಾರಿಗೆ ಅದನ್ನು ಕಾಗದದಲ್ಲಿ ತೋರಿಸಬೇಕಾಗುತ್ತದೆ. ಪಹಣಿ, ಎಪಿಎಂಸಿಯಲ್ಲಿ ಮಾಲು ಮಾರಿದ ಪಟ್ಟಿ, ಆ ಹಣ ಖಾತೆಗೆ ಬಂದ ದಾಖಲೆ, ಇವುಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಜೋಡಿಸಿ.

ಅರ್ಜಿಯ ಹಿಂದಿನ ವಾರ ಸಂಬಂಧಿಕರಿಂದ ಐದು ಲಕ್ಷ ತಂದು ಖಾತೆಗೆ ಹಾಕುವುದು ಬೇಡ. ಅಧಿಕಾರಿಗಳು ನೋಡುವುದು ಕೊನೆಯ ಮೊತ್ತವನ್ನಲ್ಲ, ಕೆಲವು ತಿಂಗಳ ನಡೆಯನ್ನು. ತೊಗರಿ ಹಣ ಬರುವ ಜನವರಿ, ಫೆಬ್ರವರಿಯಲ್ಲಿ ಖಾತೆ ತಾನಾಗಿ ತುಂಬಿರುತ್ತದೆ, ಎಲ್ಲಿಂದ ಬಂತೆಂಬುದಕ್ಕೆ ಪಟ್ಟಿಯೂ ಜೊತೆಗಿರುತ್ತದೆ. ಮಕ್ಕಳೇ ಖರ್ಚು ನೋಡಿಕೊಳ್ಳುವುದಾದರೆ ಅವರ ಆಹ್ವಾನ, ವಾಸದ ಪರವಾನಗಿ, ಸಂಬಳದ ದಾಖಲೆ ಸೇರಿಸಬೇಕು. ಊರಿಗೆ ಮರಳಲು ಕಾರಣಗಳೇನು ಎಂಬುದು ಪ್ರತಿ ಕಡತದಲ್ಲೂ ಕಾಣಬೇಕು: ಜಮೀನು, ನೌಕರಿ, ಅಂಗಡಿ, ಓದುವ ಮಗ, ವಯಸ್ಸಾದ ತಾಯಿ.

ಸೇಡಂನಿಂದ ಶಂಷಾಬಾದ್

ನಮ್ಮ ಐದೂ ಊರುಗಳಿಗೆ ಹತ್ತಿರದ ದೊಡ್ಡ ಅಂತರರಾಷ್ಟ್ರೀಯ ನಿಲ್ದಾಣ ಹೈದರಾಬಾದಿನ ಶಂಷಾಬಾದ್. ನಿಜಾಮರ ಕಾಲದಲ್ಲಿ 1874ರಲ್ಲಿ ಶುರುವಾದ ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಹಾದು ಹೋಗುತ್ತದೆ. ಶಹಾಬಾದದವರು ವಾಡಿಗೆ ಬಂದು ಅದನ್ನು ಹಿಡಿಯಬಹುದು. ರೈಲಿಲ್ಲದ ಚಿಂಚೋಳಿಯವರಿಗೆ ತಾಂಡೂರು ದಾರಿ. ವಿಮಾನ ನಿಲ್ದಾಣಕ್ಕೆ ರೈಲು ಹೋಗುವುದಿಲ್ಲ, ಕೊನೆಯ ಹಂತಕ್ಕೆ ಕಾರೋ ಬಸ್ಸೋ ಬೇಕು. ಮೂರು ತಾಸು ಮೊದಲೇ ಅಲ್ಲಿರಬೇಕು. ರೈಲು ತಡವಾದರೂ ತೊಂದರೆಯಾಗದಂತೆ ಹಿಂದಿನ ದಿನವೇ ಹೈದರಾಬಾದ್ ಸೇರುವುದು ಜಾಣತನ.

ಹೈದರಾಬಾದಿನಿಂದ ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸಿ ಹೋಗಬಹುದು, ಇಲ್ಲವೇ ಯುರೋಪಿನ ಇನ್ನೊಂದು ನಗರದ ಮೂಲಕ. ಎರಡಕ್ಕೂ ಒಂದು ವ್ಯತ್ಯಾಸವಿದೆ. ಕೊಲ್ಲಿಯ ಮೂಲಕ ಹೋದರೆ ವಲಸೆ ತಪಾಸಣೆ ಕೋಪನ್‌ಹೇಗನ್‌ನಲ್ಲೇ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ತಪಾಸಣೆ ಫ್ರಾಂಕ್‌ಫರ್ಟಿನಲ್ಲಿ, ಎರಡನೇ ವಿಮಾನಕ್ಕೆ ಓಡುವ ಮುನ್ನ. ತಂದೆತಾಯಿ ಇಬ್ಬರೇ ಹೋಗುವುದಾದರೆ ಮೊದಲ ದಾರಿ ಸಲೀಸು. ಎರಡೂ ಹಂತ ಒಂದೇ ಟಿಕೆಟ್ಟಿನಲ್ಲಿರಲಿ, ನಡುವೆ ಮೂರು ತಾಸು ಬಿಡುವಿರಲಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ತೆಗೆಸುವಾಗಲೇ ಕೇಳಿ, ಅದಕ್ಕೆ ಬೇರೆ ಹಣವಿಲ್ಲ.

2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲಿ ಹೊಸ ಪದ್ಧತಿ ಹಂತಹಂತವಾಗಿ ಬಂದಿದೆ. ಪಾಸ್‌ಪೋರ್ಟಿಗೆ ಮೊಹರು ಒತ್ತುವ ಬದಲು ಮುಖದ ಚಿತ್ರ ದಾಖಲಿಸುತ್ತಾರೆ. ಶುಲ್ಕವಿಲ್ಲ, ಸಾಲು ಸ್ವಲ್ಪ ನಿಧಾನ. ಹಿಂತಿರುಗುವ ಟಿಕೆಟ್, ತಂಗುವ ವಿಳಾಸ, ವಿಮೆಯ ಪ್ರತಿ ಕೈಚೀಲದಲ್ಲಿರಲಿ.

ರೊಟ್ಟಿ ಸರಿ, ತುಪ್ಪ ಬೇಡ

ಮಕ್ಕಳ ಮನೆಗೆ ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಖಾರದ ಪುಡಿ, ತೊಗರಿ ಬೇಳೆ ಒಯ್ಯಬಹುದು. ಹಾಲು ಮತ್ತು ಮಾಂಸದಿಂದ ಮಾಡಿದ್ದನ್ನು ಭಾರತದಿಂದ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪ, ಪೇಡೆ, ಖೋವಾದ ಸಿಹಿ, ತುಪ್ಪದಲ್ಲಿ ಮಾಡಿದ ಉಂಡಿ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವು, ಪುಂಡಿಪಲ್ಯ, ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಅಲ್ಲಿನ ಪ್ಯಾಕೆಟ್ಟುಗಳ ಮೇಲೆ ನಮ್ಮ ಹಸಿರು ಚುಕ್ಕಿ ಇರುವುದಿಲ್ಲ. ಶಾಕಾಹಾರಿಗಳು ಫೋನ್ ಕ್ಯಾಮೆರಾದಿಂದ ಡೇನಿಷ್ ಬರಹವನ್ನು ಅನುವಾದಿಸಿ ಓದಿಕೊಳ್ಳಬೇಕು. ಸಿಹಿತಿಂಡಿಗಳಲ್ಲಿ ಜೆಲಟಿನ್ ಇದೆಯೇ ಎಂದು ನೋಡುವುದು ಮುಖ್ಯ. ಹಲಾಲ್ ಅಂಗಡಿಗಳು ನೋರೆಬ್ರೊ ಬಡಾವಣೆಯಲ್ಲಿ ಸಿಗುತ್ತವೆ. ಅಡುಗೆಮನೆ ಇರುವ ಬಾಡಿಗೆ ಕೋಣೆ ಹಿಡಿದರೆ ಅರ್ಧ ಚಿಂತೆ ಕಳೆಯುತ್ತದೆ, ಖರ್ಚೂ ಇಳಿಯುತ್ತದೆ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ.

ಕ್ರೋನ್ ಲೆಕ್ಕ

ಡೆನ್ಮಾರ್ಕ್ ಐರೋಪ್ಯ ಒಕ್ಕೂಟದಲ್ಲಿದ್ದರೂ ಅಲ್ಲಿ ಯೂರೊ ಇಲ್ಲ. ಅದರ ನಾಣ್ಯ ಕ್ರೋನ್. ಒಂದು ಯೂರೊಗೆ ಸುಮಾರು ಏಳೂವರೆ ಕ್ರೋನ್ ಎಂಬ ದರವನ್ನು ಅಲ್ಲಿನ ಕೇಂದ್ರ ಬ್ಯಾಂಕ್ ಕಾಯ್ದುಕೊಂಡು ಬಂದಿದೆ. ಅಂದಿನ ಯೂರೊ ಬೆಲೆಯನ್ನು ಏಳೂವರೆಯಿಂದ ಭಾಗಿಸಿದರೆ ಒಂದು ಕ್ರೋನ್‌ಗೆ ಎಷ್ಟು ರೂಪಾಯಿ ಎಂಬ ಅಂದಾಜು ಸಿಗುತ್ತದೆ.

ಊರು ತುಟ್ಟಿ. ಆಹಾರ ಸೇರಿ ಬಹುತೇಕ ಎಲ್ಲದರ ಮೇಲೂ ಶೇಕಡಾ 25 ಮಾರಾಟ ತೆರಿಗೆಯಿದೆ, ಬರೆದ ಬೆಲೆಯಲ್ಲೇ ಅದು ಸೇರಿರುತ್ತದೆ. ಹೋಟೆಲಿನಲ್ಲಿ ಟಿಪ್ಸ್ ಕೊಡಲೇಬೇಕೆಂದಿಲ್ಲ. ನೋಟು ಕಡಿಮೆ ಬಳಕೆಯಾಗುತ್ತದೆ, ಕಾರ್ಡೇ ನಡೆಯುತ್ತದೆ. ವಿದೇಶಿ ಬಳಕೆಗೆ ನಿಮ್ಮ ಬ್ಯಾಂಕ್ ಕಾರ್ಡನ್ನು ಇಲ್ಲಿಂದಲೇ ಚಾಲೂ ಮಾಡಿಸಿಕೊಂಡು, ಎರಡು ಬೇರೆ ಬ್ಯಾಂಕುಗಳ ಕಾರ್ಡ್ ಒಯ್ಯಿರಿ. ಪ್ಯಾಕೇಜ್ ಟೂರ್ ಕೊಂಡರೆ ಕಂಪನಿ ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತದೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ.

ಸೈಕಲ್ಲಿನ ದಾರಿ ಬಿಟ್ಟು ನಡೆಯಿರಿ

ಕೋಪನ್‌ಹೇಗನ್‌ನಲ್ಲಿ ಹೊಸಬರು ಮೊದಲು ಕಲಿಯಬೇಕಾದದ್ದು ಸೈಕಲ್ ದಾರಿಯ ಶಿಸ್ತು. ವಾಹನಗಳ ರಸ್ತೆಗೂ ಪಾದಚಾರಿ ದಾರಿಗೂ ನಡುವೆ ಸೈಕಲ್ಲಿಗೆಂದೇ ಪಟ್ಟಿ ಇರುತ್ತದೆ. ಬೆಳಿಗ್ಗೆ ಕಚೇರಿಗೆ ಹೋಗುವವರ ಸಾಲು ಅಲ್ಲಿ ವೇಗವಾಗಿ ಸಾಗುತ್ತದೆ. ಫೋಟೊ ತೆಗೆಯಲು ಅದರೊಳಗೆ ಕಾಲಿಟ್ಟರೆ ಅಪಘಾತ ಖಚಿತ.

ಮೆಟ್ರೊಗೆ ಚಾಲಕರಿಲ್ಲ, ಹಗಲೂ ರಾತ್ರಿ ಓಡುತ್ತದೆ. ನಿಲ್ದಾಣದಲ್ಲಿ ತಡೆಗೇಟುಗಳೂ ಇಲ್ಲ. ಟಿಕೆಟ್ ಕೊಂಡೇ ಹತ್ತುತ್ತಾರೆಂಬ ನಂಬಿಕೆಯ ಮೇಲೆ ವ್ಯವಸ್ಥೆ ನಿಂತಿದೆ. ತಪಾಸಣೆಯಲ್ಲಿ ಸಿಕ್ಕರೆ ದಂಡ ದೊಡ್ಡದು, ಪ್ರವಾಸಿಗೆ ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ದಿನಗಳ ಲೆಕ್ಕದ ಪಾಸ್ ಕೊಂಡರೆ ಬಸ್ಸು, ರೈಲು, ಮೆಟ್ರೊ ಮೂರಕ್ಕೂ ನಡೆಯುತ್ತದೆ. ತುರ್ತಿಗೆ 112.

ಏನೇನು ನೋಡುವುದು

ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ನ್ಯೂಹಾವ್ನ್ ಎಂಬ ಹಳೆಯ ಬಂದರು ದಂಡೆಯಲ್ಲಿ ಬಣ್ಣದ ಮನೆಗಳ ಎದುರು ಕುಳಿತು ದಣಿವಾರಿಸಿಕೊಳ್ಳಿ. ಎರಡನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅಮಾಲಿಯೆನ್‌ಬೋರ್ಗ್ ಅರಮನೆಯ ಮುಂದೆ ಕಾವಲು ಬದಲಾಗುವುದನ್ನು ನೋಡಬಹುದು, ಟಿಕೆಟ್ ಇಲ್ಲ. ರಾಜ ನಾಲ್ಕನೇ ಕ್ರಿಸ್ಟಿಯನ್ 1642ರಲ್ಲಿ ಮುಗಿಸಿದ ದುಂಡುಗೋಪುರದಲ್ಲಿ ತುದಿಯ ಸಮೀಪದವರೆಗೂ ಮೆಟ್ಟಿಲುಗಳ ಬದಲು ಸುತ್ತಿಕೊಂಡು ಏರುವ 209 ಮೀಟರ್ ಇಳಿಜಾರು ದಾರಿಯಿದೆ. ಮಂಡಿನೋವಿರುವವರೂ ನಿಧಾನವಾಗಿ ಬಹುಮಟ್ಟಿಗೆ ಮೇಲೇರಬಹುದು. 1843ರಲ್ಲಿ ತೆರೆದ ಟಿವೋಲಿ ಉದ್ಯಾನಕ್ಕೆ ಒಂದು ಸಂಜೆ ಕೊಡಿ. ಡೇನಿಷ್ ಕಥೆಗಾರ ಆಂಡರ್ಸನ್ನನ ಕಥೆಯ ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆ 1913ರದು. ಬಲು ಚಿಕ್ಕದು, ದೊಡ್ಡದನ್ನು ನಿರೀಕ್ಷಿಸಿ ಹೋಗಬೇಡಿ.

ಡೇನರಿಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದ 1845ರವರೆಗೆ ನೆಲೆಯಿತ್ತು. ಕ್ರಿಸ್ಟಿಯನ್ಸ್‌ಹಾವ್ನ್ ದಂಡೆಯ ಏಷ್ಯಾಟಿಸ್ಕ್ ಪ್ಲಾಡ್ಸ್ ಚೌಕ ಆ ಪೂರ್ವದೇಶದ ವ್ಯಾಪಾರದ ಹೆಸರನ್ನು ಇಂದಿಗೂ ಹೊತ್ತಿದೆ.

ನಮ್ಮ ಕಲ್ಲು, ಅವರ ಸುಣ್ಣ

ಒಂದು ದಿನವನ್ನು ಸ್ಟೆವ್ನ್ಸ್ ಕ್ಲಿಂಟ್‌ಗೆ ಮೀಸಲಿಡಿ ಎಂದು ಈ ಸೀಮೆಯವರಿಗೆ ಒತ್ತಿ ಹೇಳಬೇಕು. ಪ್ಯಾಕೇಜ್ ಟೂರಿನವರು ಅಲ್ಲಿಗೆ ಒಯ್ಯುವುದು ಕಡಿಮೆ. ಕೋಪನ್‌ಹೇಗನ್‌ನಿಂದ ಕೋಗೆಗೆ ರೈಲು, ಅಲ್ಲಿಂದ ಸ್ಥಳೀಯ ರೈಲು, ಕೊನೆಗೊಂದಿಷ್ಟು ನಡಿಗೆ ಅಥವಾ ಬಸ್ಸು. ಸಮುದ್ರದ ದಡದಲ್ಲಿ ಸುಮಾರು ಹದಿನೈದು ಕಿಲೊಮೀಟರ್ ಉದ್ದಕ್ಕೆ ಬಿಳಿ ಸುಣ್ಣದ ಬಂಡೆ ಗೋಡೆ ನಿಂತಿದೆ. ಅದರ ನಡುವೆ ತೆಳುವಾದ ಕಪ್ಪು ಜೇಡಿಯ ಪದರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಭೂಮಿಗೆ ಬಡಿದು ಡೈನೊಸಾರ್‌ಗಳ ಕಾಲ ಮುಗಿದ ಹೊತ್ತಿನ ಗುರುತು ಅದು. ಆ ಜೇಡಿಯಲ್ಲಿ ಭೂಮಿಯ ಮೇಲ್ಮೈಯಲ್ಲಿ ಅಪರೂಪವಾದ ಇರಿಡಿಯಂ ಲೋಹ ಹೆಚ್ಚಾಗಿದೆ. ಯುನೆಸ್ಕೊ 2014ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಸುಣ್ಣಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಭೀಮಾ ಕಣಿವೆಯ ಶಿಲಾಸ್ತರಗಳಲ್ಲಿ ಭೂವಿಜ್ಞಾನಿಗಳು ಒಂದು ಭಾಗಕ್ಕೆ ಸೇಡಂ ಎಂದೂ ಅದರೊಳಗಿನ ಸುಣ್ಣಕಲ್ಲಿನ ಸ್ತರಕ್ಕೆ ಶಹಾಬಾದ ಎಂದೂ ಹೆಸರಿಟ್ಟಿದ್ದಾರೆ. ಡೈನೊಸಾರ್‌ಗಳು ಹುಟ್ಟುವುದಕ್ಕೂ ಬಹಳ ಹಿಂದೆ ಕಡಲಡಿ ಕೂತ ಕೆಸರು ಅದು. ಸ್ಟೆವ್ನ್ಸ್‌ನ ಜನ ತಮ್ಮ ಸುಣ್ಣದ ಬಂಡೆಯನ್ನು ಕತ್ತರಿಸಿ ಗೋಡೆ ಕಟ್ಟಿದರು. ಹೋಯೆರುಪ್ ಎಂಬಲ್ಲಿನ ಹಳೆಯ ಚರ್ಚ್ ಅದರದ್ದೇ. ಕಡಲು ಬಂಡೆಯನ್ನು ಕೊರೆಯುತ್ತ ಬಂದು 1928ರಲ್ಲಿ ಚರ್ಚಿನ ಒಂದು ಭಾಗ ನೀರಿಗೆ ಕುಸಿಯಿತು. ಉಳಿದದ್ದನ್ನು ಕಾಪಾಡಿ, ಬಂಡೆಯ ಕಥೆ ಹೇಳಿ, ಜಗತ್ತನ್ನೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದಾರೆ. ಕಲ್ಲಿನ ಖಣಿಗಳ ನಡುವೆ ಬೆಳೆದ ನಮ್ಮ ಮಕ್ಕಳು ಇದನ್ನು ಕಣ್ಣಾರೆ ನೋಡಬೇಕು. ಕಲ್ಲನ್ನು ಅಗೆದು ಮಾರುವುದರ ಜೊತೆಗೆ ಅದನ್ನು ಓದುವುದೂ ಊರಿಗೆ ಅನ್ನ ಕೊಡಬಲ್ಲದು. ಇಂಥ ಓದು ಸೇಡಂ, ಶಹಾಬಾದಗಳಲ್ಲೂ ಸಾಧ್ಯವಿದೆ.

ಅವಧಿಗೆ ಮರಳುವುದು

ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ನಿಮ್ಮ ವೀಸಾ ಚೀಟಿಯಲ್ಲಿ ಬರೆದದ್ದು ಅದಕ್ಕಿಂತ ಕಡಿಮೆಯಿದ್ದರೆ ಅದೇ ಅಂತಿಮ. ಮಗಳು ಒತ್ತಾಯಿಸಿದಳೆಂದು ಒಂದು ದಿನವೂ ಹೆಚ್ಚು ನಿಲ್ಲಬಾರದು.

ಇದಕ್ಕೆ ಪ್ರತಿಫಲವೂ ಇದೆ. 2024ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಭಾರತೀಯರಿಗೆಂದು ಹೊಸ ನಿಯಮ ತಂದಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಸಲ ಹೋಗಿಬರುವ ವೀಸಾ ಸಿಗಬಹುದು. ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಸಾಮಾನ್ಯವಾಗಿ ಅದರ ನಂತರ ಐದು ವರ್ಷದ್ದು. ಮೊದಲ ಪ್ರವಾಸದಲ್ಲೇ ಸ್ಟಾಕ್‌ಹೋಮ್, ಓಸ್ಲೊ, ಹೆಲ್ಸಿಂಕಿಗಳನ್ನೆಲ್ಲ ತುರುಕುವ ಅಗತ್ಯ ಇಲ್ಲದಿರುವುದು ಇದರಿಂದಲೇ. ಒಂದು ನಗರವನ್ನು ನೆಮ್ಮದಿಯಾಗಿ ನೋಡಿ ಹೇಳಿದ ದಿನಕ್ಕೆ ಮರಳಿದವರಿಗೆ ಉಳಿದ ನಾಲ್ಕು ರಾಜಧಾನಿಗಳ ದಾರಿ ಸುಲಭವಾಗುತ್ತ ಹೋಗುತ್ತದೆ. ಆ ದಾರಿಯ ಮೊದಲ ಕೆಲಸ ಕಲಬುರಗಿಯಲ್ಲಿದೆ, ಈ ವಾರವೇ ಆಗುವಂಥದ್ದು: ಮನೆಯ ಕಾಗದಗಳನ್ನು ಹೊಂದಿಸಿಟ್ಟು ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದು.